ಗೇಟಿನ ಗುರಿಕಾರ

ಹಂಪನಕಟ್ಟೆಯಲ್ಲಿ ದೀಪದ ಕಂಬ ಬಂದ ಮೇಲೆ, ಮಗನ ಕಾರಿನಲ್ಲಿ ಕುಳಿತು ಕೆಂಪು ದೀಪದ ಮುಂದೆ ಕಾಯುವುದು ನನಗೊಂದು ಶಿಕ್ಷೆಯಾಗಿದೆ. ಕಾಯುವುದು ಕಷ್ಟವೆಂದಲ್ಲ, ಕಾಯುವುದರಲ್ಲಿ ನಾನು ಪಳಗಿದವನು. ಆದರೆ ಹಿಂದಿನವನು ಸುಮ್ಮನೆ ಹಾರ್ನ್ ಬಾರಿಸುತ್ತಾನೆ, ಪಕ್ಕದವನು ಸಂದು ಸಿಕ್ಕಿದಲ್ಲೆಲ್ಲ ಮೂತಿ ತೂರಿಸುತ್ತಾನೆ, ರಿಕ್ಷಾದವನು ರಸ್ತೆ ತನ್ನಪ್ಪನ ಗಂಟು ಎಂಬಂತೆ ಎಲ್ಲರ ಮುಂದೆ ಹೋಗಿ ಅಡ್ಡ ನಿಲ್ಲುತ್ತಾನೆ. ಆಗ ಮಗ ನನ್ನ ಕಡೆ ತಿರುಗಿ, "ನಿಮ್ಮ ಕಾಲದಲ್ಲಿ ಹೀಗೆಲ್ಲ ಇರ್ಲಿಲ್ಲ ಅಲ್ವಾ ಅಪ್ಪ? ನೀವು ಎಂಥ ಮರ್ಯಾದೆಯ ಡ್ರೈವರ್ ಅಂತ ಊರಿಗೇ ಗೊತ್ತುಂಟು" ಎನ್ನುತ್ತಾನೆ. ಅವನು ಹೊಗಳುವುದು, ನನಗೆ ಸಿಟ್ಟು ಬರುವುದು. ಹಿಂದಿನ ಸೀಟಿನಿಂದ ಸೊಸೆ ನಗುತ್ತಾಳೆ. "ಮಾವನಿಗೆ ಹೊಗಳಿದರೂ ಆಗುವುದಿಲ್ಲ, ಬೈದರೂ ಆಗುವುದಿಲ್ಲ, ಇನ್ನು ಎಂತ ಮಾಡುವುದು?" ಎಂದು ಕೇಳುತ್ತಾಳೆ. ಬೈದಿದ್ದರೆ ಆಗುತ್ತಿತ್ತು ಮಗಳೇ ಎಂದು ಹೇಳಬೇಕೆನಿಸುತ್ತದೆ. ಬೈಯಬೇಕಾದವರು ಬೈಯಬೇಕಾದ ದಿನ ಬೈಯಲಿಲ್ಲ ಎಂಬುದೇ ನನ್ನ ತೊಂದರೆ. ಆದರೆ ಅಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಬಾಡಿಗೆ ಕಾರು ಓಡಿಸುತ್ತಿದ್ದೆ. ಕುಲಶೇಖರದಲ್ಲಿ ನಮಗೆ ಗದ್ದೆಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ನನ್ನ ಮಾವ, ಎಂದರೆ ಅಮ್ಮನ ಅಣ್ಣ. ನಮ್ಮದು ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆತನವಾದ್ದರಿಂದ ಯಜಮಾನಿಕೆ ಅವರದೇ. ಕೋಣ ಕಟ್ಟಿ ಉಳುವುದರಲ್ಲಿ ಈ ಅಳಿಯ ಮೂರು ಕಾಸಿಗೂ ಬಾಳುವವನಲ್ಲವೆಂದು ಅವರಿಗೆ ಬೇಗನೆ ತಿಳಿಯಿತು. ಊರು ಬಿಟ್ಟುಹೋಗುತ್ತಿದ್ದ ಯಾರೋ ಬಿಳಿ ದೊರೆಯಿಂದ ಹಳೆಯ ಕಾರೊಂದನ್ನು ಕೊಂಡುಕೊಂಡು, "ಇದಕ್ಕಾದರೂ ಹುಲ್ಲು ಹಾಕ್ಲಿಕ್ಕಿಲ್ಲ, ಓಡಿಸು" ಎಂದು ನನ್ನನ್ನು ಹಂಪನಕಟ್ಟೆಯಲ್ಲಿ ತಂದು ನಿಲ್ಲಿಸಿದರು.

ಕಾರು ಓಡಿಸಲು ನನಗೆ ಕಲಿಸಿದವನು ಬೇರೆ. ರಸ್ತೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿದವರು ಮಾತ್ರ ಮಾವ. ಅವರು ಜನ್ಮದಲ್ಲಿ ಚಕ್ರ ಹಿಡಿದವರಲ್ಲ. ಅವರಿಗೆ ಗೊತ್ತಿದ್ದ ದಾರಿಯೆಂದರೆ ಗದ್ದೆಯ ಹುಣಿ, ಅಂದರೆ ಎರಡು ಗದ್ದೆಗಳ ನಡುವಿನ ಕಿರಿದಾದ ಅಂಚು. ಅದರ ಮೇಲೆ ಇಬ್ಬರು ಎದುರಾದರೆ ಒಬ್ಬ ಕೆಸರಿಗೆ ಇಳಿಯಲೇಬೇಕು. "ಕೆಸರಿಗೆ ಇಳಿದವನು ದೊಡ್ಡವನು. ದಾರಿ ಬಿಟ್ಟುಕೊಟ್ಟು ಕೆಟ್ಟವರು ಯಾರೂ ಇಲ್ಲ" ಎಂದು ಅವರು ಹೇಳುತ್ತಿದ್ದರು. ನಾನು ಅದನ್ನು ಹಾಗೆಯೇ ನುಂಗಿಕೊಂಡೆ. ಕೆಲವೇ ತಿಂಗಳಲ್ಲಿ ಹಂಪನಕಟ್ಟೆಯ ಡ್ರೈವರುಗಳ ನಡುವೆ ನನಗೆ ಒಳ್ಳೆಯ ಹೆಸರು ಬಂತು. ಸುಳ್ಳು ಹೇಳುವುದೇಕೆ, ಆ ಹೆಸರು ನನಗೆ ಬೆಲ್ಲದ ಹಾಗೆ ಸಿಹಿಯಾಗಿತ್ತು.

ಆಗ ಮಂಗಳೂರಿನಲ್ಲಿ ಕೆಂಪು ದೀಪವೆಂದರೆ ರೈಲಿನದೇ. ನಮ್ಮಂಥವರು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗವೆಂದರೆ ಹೊಯ್ಗೆ ಬಜಾರಿಗೆ ಹೋಗುವ ದಾರಿಯ ರೈಲ್ವೆ ಗೇಟು. ಆಚೆಗೆ ಹೊಳೆ, ಹೊಳೆಯ ಬದಿಗೆ ಹಂಚಿನ ಕಾರ್ಖಾನೆಗಳು, ಹಂಚು ತುಂಬಿಕೊಂಡು ಹೋಗುವ ಹಾಯಿಯ ಮಂಜಿಗಳು ನಿಲ್ಲುವ ದಕ್ಕೆ. ಗೂಡ್ಸ್ ರೈಲು ಒಂದೇ ಸಲಕ್ಕೆ ಹಾದುಹೋಗಿದ್ದರೆ ಯಾವ ತಕರಾರೂ ಇರಲಿಲ್ಲ. ಅದು ಡಬ್ಬಿಗಳನ್ನು ಬಿಡಿಸಿ ಜೋಡಿಸುತ್ತ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. ನಡುನಡುವೆ ಗೇಟಿನವನು ಸ್ವಲ್ಪ ಹೊತ್ತು ಗೇಟು ತೆಗೆಯುತ್ತಿದ್ದ. ಎರಡೋ ಮೂರೋ ಗಾಡಿ ದಾಟುವಷ್ಟರಲ್ಲಿ ಎಂಜಿನ್ನಿನ ಸಿಳ್ಳೆ ಕೇಳಿಸುತ್ತಿತ್ತು, ಗೇಟು ಮತ್ತೆ ಮುಚ್ಚುತ್ತಿತ್ತು. ಹಾಗಾಗಿ ಆ ಗೇಟಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಸಣ್ಣ ಮಾತಲ್ಲ.

ಅದಕ್ಕೆ ಕಟ್ಟುಪಾಡುಗಳೂ ಇದ್ದವು. ಬರೆದಿಟ್ಟವರು ಯಾರೂ ಇಲ್ಲ, ಮೀರಿದವರೂ ಕಡಿಮೆ. ಎತ್ತುಗಳು ಬೆದರುತ್ತವೆಂದು ಗೇಟಿನ ಹತ್ತಿರ ಯಾರೂ ಹಾರ್ನ್ ಹಾಕಬಾರದು. ಹಂಚಿನ ಗಾಡಿ ಹೊರಡುವಾಗ ಮೊದಲು ಒಂದು ಗೇಣು ಹಿಂದಕ್ಕೆ ಜಾರುತ್ತದಾದ್ದರಿಂದ ಅದರ ಬೆನ್ನಿಗೆ ಅಂಟಿಕೊಂಡು ಕಾರು ನಿಲ್ಲಿಸಬಾರದು. ಪೆಟ್ರೋಲು ರೇಶನ್ನಿನಲ್ಲಿ ಸಿಗುವ ಕಾಲ, ಎಲ್ಲರೂ ಎಂಜಿನ್ ಬಂದ್ ಮಾಡಿ ಕೆಳಗಿಳಿದು ನಿಲ್ಲುವುದು. ಇದ್ದಿಲು ಸುಟ್ಟು ಅದರ ಗ್ಯಾಸಿನಿಂದ ಓಡುವ ಬಸ್ಸುಗಳು ಎಲ್ಲಿ ಬೇಕಾದರೂ ಕೈಕೊಡುತ್ತಿದ್ದುದರಿಂದ ಅವು ಸಾಲಿನ ಕೊನೆಗೆ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಸಾಲಿನ ತಲೆಯಲ್ಲಿ ನಿಂತವನ ಅಧಿಕಾರ. ನಮ್ಮ ಕಡೆ ಜಾತಿಯ ಕೂಟಕ್ಕೆ, ಭೂತದ ಕೋಲಕ್ಕೆ ಮುಂದಾಳಾಗಿ ನಿಲ್ಲುವವನನ್ನು ಗುರಿಕಾರ ಎನ್ನುತ್ತೇವೆ. ಗೇಟಿನಲ್ಲಿ ಮೊದಲು ಬಂದು ನಿಂತ ಡ್ರೈವರನನ್ನೂ ತಮಾಷೆಗೆ ಹಾಗೆಯೇ ಕರೆಯುತ್ತಿದ್ದರು. ಹಿಂದಿನ ಯಾವನಿಗಾದರೂ ಅವಸರವಿದ್ದರೆ ಅವನು ನಡೆದು ಬಂದು ಗುರಿಕಾರನನ್ನು ಕೇಳಬೇಕು. ಗಾಡಿಯಲ್ಲಿ ಮದುಮಗಳಿದ್ದರೆ, ರೋಗಿಯಿದ್ದರೆ, ಹೆಣವಿದ್ದರೆ ದಾರಿ ಬಿಡುವುದು ಧರ್ಮ. ಗುರಿಕಾರ ಬಿಟ್ಟರೆ ಸಾಲೆಲ್ಲ ಬಿಟ್ಟ ಹಾಗೆ. ಕೇಳಲು ಬಂದವನೂ ಮರ್ಯಾದೆಗೆ, "ನಿಮ್ಮ ಗಾಡಿಯಲ್ಲಿ ಯಾರಿದ್ದಾರೆ?" ಎಂದು ಕೇಳಬೇಕು. ಹೇಳಿದ್ದನ್ನು ನಂಬಬೇಕು, ಬಗ್ಗಿ ಒಳಗೆ ನೋಡಬಾರದು.

ಈಗಿನವರಿಗೆ ಇದು ಸ್ವರ್ಗದ ಸುದ್ದಿಯಂತೆ ಕೇಳಿಸಬಹುದು. ನನ್ನ ಮಗನಿಗೆ ನಾನು ಇಷ್ಟನ್ನೇ ಹೇಳಿದ್ದು. ಉಳಿದದ್ದನ್ನು ಹೇಳಿರಲಿಲ್ಲ.

ತುಳಸಿ ಪೂಜೆ ಕಳೆದು ಮದುವೆಗಳು ಸುರುವಾಗಿದ್ದ ದಿನಗಳು. ಒಂದು ಬೆಳಿಗ್ಗೆ ಬೈಕಂಪಾಡಿ ಕಡೆಯ ಬ್ಯಾರಿ ಮುಸ್ಲಿಂ ಮನೆತನದವರೊಬ್ಬರು ನನ್ನ ಕಾರಿನ ಹತ್ತಿರ ಬಂದರು. ಬೈಕಂಪಾಡಿಯೆಂದರೆ ಆಗ ಹೊಯ್ಗೆ ಮರಳು, ತೆಂಗು, ಸಮುದ್ರ, ಇಷ್ಟೇ. ಅಲ್ಲಿಂದ ನಸುಕಿನಲ್ಲೇ ಹೊರಟು ಕೂಳೂರಿನ ಹೊಳೆ ದಾಟಿ ಬಸ್ಸು ಹಿಡಿದು ಬಂದಿದ್ದರು. ನಡುವಯಸ್ಸಿನವರು, ಸಣ್ಣ ಜಿನಸಿನ ವ್ಯಾಪಾರ ಇದ್ದ ಹಾಗೆ ಕಂಡಿತು. ಅವರ ಹಿಂದೆ ಬಿಳಿ ಬಟ್ಟೆ ತಲೆಗೆ ಹೊದ್ದುಕೊಂಡ ಹೆಂಗಸೊಬ್ಬರು ಅಂಗಡಿಯ ಜಗಲಿಗೆ ಕೈಯೂರಿ ನಿಂತಿದ್ದರು. ಕಾಲು ಎರಡೂ ಊದಿದ್ದವು.

"ಹೊಯ್ಗೆ ಬಜಾರಿನ ದಕ್ಕೆಗೆ ಹೋಗ್ಬೇಕು ಮಾರಾಯ್ರೆ" ಎಂದರು ಅವರು. "ಇವಳು ನನ್ನ ಅಕ್ಕ. ಇವಳ ಮಗ ಹಂಚಿನ ಮಂಜಿಗೆ ಖಲಾಸಿ ಆಗಿ ಸೇರಿದ್ದಾನೆ. ಮಂಜಿ ಇವತ್ತು ನೀರಿನ ಇಳಿತಕ್ಕೆ ಹೊರಡ್ತದೆ. ಎಲ್ಲಿಗೆ ಹೋಗ್ತದೆ, ಯಾವಾಗ ಬರ್ತದೆ ಒಂದೂ ಗೊತ್ತಿಲ್ಲ. ಯುದ್ಧದ ಕಾಲ ನೋಡಿ."

"ಕಳಿಸಿಕೊಡ್ಲಿಕ್ಕೆ ಹೋಗುವುದಾ ಬ್ಯಾರಿಗಳೇ?" ಎಂದು ಕೇಳಿದೆ.

ಅವರು ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ಕಳಿಸ್ಲಿಕ್ಕೆ ಅಲ್ಲ. ಏನೋ ಮಾತಿಗೆ ಮಾತು ಬೆಳೆದು ಇವಳು ಅವನಿಗೆ ಒಂದು ಮಾತು ಹೇಳಿದ್ದಾಳೆ. ನಾನು ಸತ್ತರೆ ನನ್ನ ಮಯ್ಯತ್ತಿಗೂ ನೀನು ಬರ್ಬೇಡ ಅಂತ. ಅವನು ಅದೇ ರಾತ್ರಿ ಮನೆ ಬಿಟ್ಟಿದ್ದಾನೆ. ಆ ದಿನದಿಂದ ಇವಳಿಗೆ ಊಟ ಇಲ್ಲ, ನಿದ್ದೆ ಇಲ್ಲ. ಆ ಮಾತನ್ನು ಹಿಂದೆ ತಗೊಳ್ಬೇಕಂತೆ. ನಾನು ಹೇಳ್ತೇನೆ ಅಂದೆ. ಆಡಿದವಳು ನಾನು, ತಗೊಳ್ಳುವವಳೂ ನಾನೇ ಅಂತಾಳೆ."

ಹೀಗೆ ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಅವರನ್ನು ಹತ್ತಿಸಿಕೊಂಡೆ. ಬ್ಯಾರಿ ಮನೆಗಳ ಹೆಂಗಸರು ಕಾರಿನಲ್ಲಿ ಕುಳಿತರೆ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸುವುದು ಹಂಪನಕಟ್ಟೆಯ ಡ್ರೈವರುಗಳ ರೂಢಿ. ನಾನು ಅದನ್ನೂ ತಪ್ಪದೆ ಮಾಡಿದೆ. ಆ ಹೆಂಗಸಿನ ತಮ್ಮ ನನ್ನ ಪಕ್ಕದಲ್ಲಿ ಕುಳಿತರು. ಗೇಟಿನ ಹತ್ತಿರ ಬರುವಾಗ ಅದು ಮುಚ್ಚಿತ್ತು. ನಮ್ಮ ಮುಂದೆ ಒಂದು ಗಾಡಿಯೂ ಇರಲಿಲ್ಲ. ಆ ದಿನದ ಗುರಿಕಾರ ನಾನೇ ಎಂದಾಯಿತು.

ಎಂಜಿನ್ನು ಡಬ್ಬಿಗಳನ್ನು ನೂಕಿಕೊಂಡು ಅತ್ತ ಹೋಯಿತು, ಇತ್ತ ಬಂತು. ತಮ್ಮನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. "ನಾನು ನಡ್ಕೊಂಡು ಹೋಗಿ ಅವನನ್ನು ಹಿಡಿದು ನಿಲ್ಲಿಸ್ತೇನೆ. ಗೇಟು ತೆಗೆದ ಕೂಡಲೇ ನೀವು ಅಕ್ಕನನ್ನು ಕರ್ಕೊಂಡು ಬನ್ನಿ" ಎಂದು ಇಳಿದು, ಗೇಟಿನ ಬದಿಯ ಸಣ್ಣ ಸಂದಿನಿಂದ ಹಳಿ ದಾಟಿ ಹೋದರು. ಅವರು ಪಂಚೆ ಎತ್ತಿಕೊಂಡು ಓಡುತ್ತಿದ್ದುದನ್ನು ನಾನು ನೋಡಿದೆ. ಅಕ್ಕ ಹಿಂದಿನ ಸೀಟಿನಲ್ಲಿ ಒಬ್ಬರೇ ಉಳಿದರು. ಪರಿಚಯವಿಲ್ಲದ ಗಂಡಸಿನೊಡನೆ ಅವರು ಮಾತಾಡುವವರಲ್ಲ, ಮಾತಾಡಿಸುವುದು ನನಗೂ ಸರಿ ಕಾಣಲಿಲ್ಲ. ಇಳಿದು ಹೊರಗೆ ನಿಂತೆ.

ಅಷ್ಟು ಹೊತ್ತಿಗೆ ಹಿಂದೆ ಸಾಲು ಬೆಳೆದಿತ್ತು. ಖಾಲಿ ಎತ್ತಿನ ಗಾಡಿಗಳು, ಒಂದು ಜಟಕಾ, ಇನ್ನೊಂದೆರಡು ಕಾರು. ಹಿಂದಿನಿಂದ ಡ್ರೈವರನೊಬ್ಬ ಹೆಗಲ ಶಾಲು ಸರಿಮಾಡಿಕೊಂಡು ಬಂದ. ಮುಖ ನೋಡಿದರೇ ಮದುವೆಯ ಗಾಡಿಯವನೆಂದು ಗೊತ್ತಾಗುತ್ತಿತ್ತು.

"ಗುರಿಕಾರ್ರೆ, ನಮ್ಮಲ್ಲಿ ಮದುಮಗಳು ಉಂಟು. ಹಿಂದೆ ದಿಬ್ಬಣದ ಬಸ್ಸು ಉಂಟು. ಒಂಚೂರು ಉಪಕಾರ ಆಗ್ಬೇಕಿತ್ತು."

"ಆಗ್ಲಿ, ಅದಕ್ಕೆಂತ" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವನು ಕೇಳಿ ಮುಗಿಸುವ ಮೊದಲೇ ಉತ್ತರ ನನ್ನ ಬಾಯಿಯಲ್ಲಿ ಸಿದ್ಧವಾಗಿತ್ತು.

ಅವನು ಕಟ್ಟುಪಾಡಿನ ಪ್ರಕಾರ ಕೇಳಿದ. "ನಿಮ್ಮ ಗಾಡಿಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ" ಎಂದೆ ನಾನು. "ದಕ್ಕೆಗೆ ಹೋಗುವವರು ಅಷ್ಟೆ."

ನಾನು ಹೇಳಿದ್ದು ಆ ಗೇಟಿನ ಭಾಷೆಯಲ್ಲಿ. ಮದುಮಗಳಿಲ್ಲ, ರೋಗಿಯಿಲ್ಲ, ಹೆಣವಿಲ್ಲ ಎಂದು ಅರ್ಥ. ಮಗನಿಗೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಹೊರಟ ತಾಯಿಗೆ ನಮ್ಮ ಕಟ್ಟುಪಾಡಿನಲ್ಲಿ ಜಾಗವಿರಲಿಲ್ಲ. ಆದರೆ ಕಾರಿನ ಕಿಟಕಿ ತೆರೆದಿತ್ತು. ನನ್ನ ಮಾತು ಕೇಳಿಸದಷ್ಟು ದೂರದಲ್ಲಿ ಅವರು ಇರಲಿಲ್ಲ.

ಕಾರನ್ನು ಬದಿಯ ಹೊಯ್ಗೆಗೆ ಇಳಿಸಿ ದಾರಿ ಮಾಡಿದೆ. ಮಾವ ಹೇಳುತ್ತಿದ್ದ ಕೆಸರಿಗೆ ಇಳಿದ ಹಾಗೆಯೇ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಕೂಡ ನನಗೆ ನೆನಪಿದೆ. ಗೇಟು ತೆರೆಯಿತು. ಹೂ ಕಟ್ಟಿದ ಕಾರು ದಾಟಿತು. ಅದರ ಹಿಂದೆ ದಿಬ್ಬಣದ ಬಸ್ಸು ಬಂತು. ಅದು ಇದ್ದಿಲಿನ ಬಸ್ಸು. ಏರಿಗೆ ಬಂದು ಹಳಿಯ ಹತ್ತಿರ ಒಮ್ಮೆ ಕೆಮ್ಮಿತು, ಎರಡು ಸಲ ಕೆಮ್ಮಿತು, ನಿಂತೇಬಿಟ್ಟಿತು. ಸಾಲಿನ ಕೊನೆಗೆ ಇರಬೇಕಾದ ಬಸ್ಸನ್ನು ಸಾಲಿನ ತಲೆಗೆ ತಂದವನು ನಾನು.

ಗೇಟಿನವನು ಬೊಬ್ಬೆ ಹಾಕಿದ. ದಿಬ್ಬಣದ ಗಂಡಸರು ಜರಿಪಂಚೆ ಮೇಲೆ ಕಟ್ಟಿಕೊಂಡು ಇಳಿದರು. ನಾನೂ ಓಡಿ ಹೋಗಿ ಹೆಗಲು ಕೊಟ್ಟೆ. ನನ್ನ ಕಾರಿನಲ್ಲಿ ಕುಳಿತವರ ಹೊತ್ತು ಹೋಗುತ್ತಿದ್ದಾಗ ನಾನು ಬೇರೆಯವರ ಬಸ್ಸನ್ನು ನೂಕುತ್ತಿದ್ದೆ. ಬೆವರು ಸುರಿಸಿ ನೂಕಿದೆ. ಬಸ್ಸು ಹಳಿ ದಾಟಿ ಆಚೆ ಬದಿಗೆ ಸಾಗಿತು, ನಾನು ಈಚೆಗೆ ಓಡಿ ಬರುವಷ್ಟರಲ್ಲಿ ಎಂಜಿನ್ನಿನ ಸಿಳ್ಳೆ ಕೇಳಿಸಿತು, ಗೇಟು ನನ್ನ ಮೂಗಿನ ಮುಂದೆ ಮುಚ್ಚಿತು.

ಹಳಿಯ ಆಚೆಯಿಂದ ದಿಬ್ಬಣದ ಹಿರಿಯರೊಬ್ಬರು ನನಗೆ ಕೈಮುಗಿದರು. "ಮುಹೂರ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತು ಉಂಟು. ಆದರೂ ನೀವು ಬಿಟ್ಟದ್ದು ದೊಡ್ಡ ಮಾತು. ನಿಮ್ಮಂಥವರು ಇರ್ಬೇಕು ಊರಿನಲ್ಲಿ" ಎಂದರು. ಸಾಲಿನಲ್ಲಿದ್ದ ಗಾಡಿಯವರೂ ಅದಕ್ಕೆ ತಲೆದೂಗಿದರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನಗೆ ನನ್ನ ಮುಖದ ಮೇಲೆಯೇ ಹೇಸಿಗೆಯಾಗುತ್ತದೆ.

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆಯನ್ನು ಎಷ್ಟೋ ಸಲ ಬೇರೆಯವರ ಮೇಲೆ ಪ್ರಯೋಗಿಸಿ ನಕ್ಕವನು ನಾನು. ಆ ದಿನ ದಾನ ಮಾಡಿದ ಅಳಿಯ ನಾನೇ. ದಾರಿ ನನ್ನದಾಗಿದ್ದರೆ ಬಿಟ್ಟುಕೊಡಬಹುದಿತ್ತು. ಅದು ಅವರದು. ಬಾಡಿಗೆಗೆ ಹಿಡಿದವರು ಅವರು, ಮಂಜಿ ಹಿಡಿಯಬೇಕಾದವರು ಅವರು, ನಾನು ಬರೀ ಚಕ್ರ ತಿರುಗಿಸುವವನು. ಕಾರಿನ ಬಾಗಿಲಿಗೆ ಹೋಗಿ, "ಮದುಮಗಳು ಉಂಟಂತೆ, ಬಿಡುವುದಾ ಅಮ್ಮ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ್ದರಿಂದ ಅವರ ಮುಖವೂ ನನಗೆ ಕಾಣಲಿಲ್ಲ. ನನ್ನ ಒಳ್ಳೆಯ ನಡತೆ ಎಲ್ಲ ಕಡೆಯಿಂದಲೂ ಪೂರ್ತಿಯಾಗಿತ್ತು.

ಮತ್ತೆ ಕಾದೆವು. ಬಿಸಿಲು ಏರಿತು. ಎರಡನೆಯ ಸಲ ಗೇಟು ತೆರೆದಾಗ ಆಚೆ ಬದಿಯಿಂದ ಒಂದು ಎತ್ತಿನ ಗಾಡಿ ಬಂತು, ಅದರಲ್ಲಿ ಹಂಚಿನ ಕಾರ್ಖಾನೆಯ ಕೆಲಸದವನೊಬ್ಬನನ್ನು ಮಲಗಿಸಿದ್ದರು. ಕೈಗೆ ಸುತ್ತಿದ ಬಟ್ಟೆ ನೆನೆದು ಕೆಂಪಾಗಿತ್ತು. ಆಸ್ಪತ್ರೆಗೆ ಹೋಗುವ ಗಾಡಿ. ಗೇಟು ಇಕ್ಕಟ್ಟು, ಒಂದು ಸಲಕ್ಕೆ ಒಂದೇ ಕಡೆಯಿಂದ ದಾಟಬಹುದು. ನಾನು ದಾರಿ ಬಿಟ್ಟೆ, ಅದು ಮೆಲ್ಲನೆ ದಾಟುವಷ್ಟರಲ್ಲಿ ಗೇಟು ಮತ್ತೆ ಮುಚ್ಚಿತು. ಇದಕ್ಕೆ ನಾನು ಪಶ್ಚಾತ್ತಾಪಪಡುವವನಲ್ಲ, ನೆತ್ತರು ಸುರಿಯುವವನಿಗೆ ಯಾರಾದರೂ ಬಿಡಲೇಬೇಕು. ಆದರೆ ಮೊದಲನೆಯದನ್ನು ಬಿಟ್ಟುಕೊಡದೆ ಇದ್ದಿದ್ದರೆ ಎರಡನೆಯದಕ್ಕೆ ನಾನು ಅಲ್ಲಿ ಇರುತ್ತಲೇ ಇರಲಿಲ್ಲ. ಆಗ ಮಾತ್ರ ನಾನು ಹಿಂದಕ್ಕೆ ತಿರುಗಿ, "ರೋಗಿ ಅಮ್ಮ, ಎಂತ ಮಾಡುವುದು" ಎಂದೆ. ಅವರು ತಲೆಯಾಡಿಸಿದರು. ಎಷ್ಟೋ ವರ್ಷ ನಾನು ಆ ತಲೆಯಾಡಿಸಿದ್ದನ್ನು ಹಿಡಿದುಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವರೂ ಒಪ್ಪಿದ್ದರಲ್ಲ ಎಂದು. ಒಪ್ಪದೆ ಅವರು ಎಂತ ಮಾಡಬೇಕಿತ್ತು? ಗಾಯಗೊಂಡವನು ಸಾಯಲಿ, ನನ್ನನ್ನು ಕರೆದುಕೊಂಡು ಹೋಗು ಎನ್ನಬೇಕಿತ್ತೇ?

ಮೂರನೆಯ ಸಲ ಗೇಟು ತೆರೆದಾಗ ಯಾರು ಏನು ಕೇಳಿದರೂ ಕಿವಿಗೊಡದೆ ಕಾರು ನುಗ್ಗಿಸಿದೆ. ಹಾರ್ನ್ ಕೂಡ ಹಾಕಿದೆ. ಪಕ್ಕದ ಎತ್ತುಗಳು ಬೆದರಿ ಗಾಡಿಯವನು ನನ್ನನ್ನು ಬೈದದ್ದು ಕೇಳಿಸಿತು. ಆ ದಿನ ನನಗೆ ಸಿಕ್ಕಿದ ಬೈಗುಳ ಅದೊಂದೇ, ಅದೂ ಬೇರೆ ಕಾರಣಕ್ಕೆ.

ದಕ್ಕೆಯಲ್ಲಿ ತಮ್ಮ ಒಬ್ಬರೇ ನಿಂತಿದ್ದರು. ಮಂಜಿ ಹೊಳೆಯ ನಡುವಿಗೆ ಹೋಗಿ ಹಾಯಿ ಬಿಚ್ಚಿತ್ತು, ಅಳಿವೆಯ ಕಡೆಗೆ ಮೂತಿ ತಿರುಗಿಸಿತ್ತು. ಮೇಲೆ ಓಡಾಡುವ ಜನ ಕಾಣುತ್ತಿದ್ದರು, ಯಾರು ಯಾರೆಂದು ಗುರುತು ಹತ್ತುವಷ್ಟು ಹತ್ತಿರವಿರಲಿಲ್ಲ.

"ನಿನ್ನ ಉಮ್ಮ ಕಾರಿನಲ್ಲಿ ಬರ್ತಾ ಇದ್ದಾಳೆ ಅಂತ ಹೇಳಿದೆ" ಎಂದರು ತಮ್ಮ. ಅವರು ಹೇಳುತ್ತಿದ್ದುದು ಅಕ್ಕನಿಗೋ ನನಗೋ ತಿಳಿಯಲಿಲ್ಲ. "ಮಂಜಿಯಿಂದ ಕೆಳಗೆ ಇಳಿದು ಬಂದ. ಇಲ್ಲೇ ನಿಂತು ರಸ್ತೆ ನೋಡಿದ. ತುಂಬ ಹೊತ್ತು ನೋಡಿದ. ಮಂಜಿಯ ಯಜಮಾನ ತಂಡೇಲ ಕೂಗಿದ, ನೀರು ಇಳೀತಾ ಉಂಟು, ಇನ್ನು ನಿಂತರೆ ಮಂಜಿ ತಳ ಹಿಡೀತದೆ ಅಂತ. ಆಮೇಲೆ ಅವನು ನನ್ನ ಹತ್ರ ಹೇಳಿದ, ಬರುವುದಿದ್ದರೆ ಇಷ್ಟರಲ್ಲಿ ಬರ್ತಿದ್ದರು, ನನ್ನನ್ನು ನಿಲ್ಲಿಸ್ಲಿಕ್ಕೆ ನೀವು ಸುಳ್ಳು ಹೇಳುವುದು ಅಂತ. ಹತ್ತಿ ಹೋದ."

ಆ ಹೆಂಗಸು ಕಾರಿನಿಂದ ತಾವಾಗಿಯೇ ಇಳಿದರು. ಊದಿದ ಕಾಲನ್ನು ಎಳೆಯುತ್ತ ನೀರಿನ ಅಂಚಿನವರೆಗೆ ಹೋದರು. ಕೂಗುತ್ತಾರೆಂದು ನಾನು ಅಂದುಕೊಂಡೆ. ಸುತ್ತ ಹಂಚು ಹೊರುವ ಗಂಡಸರಿದ್ದರು, ಅವರು ಕೂಗಲಿಲ್ಲ. ಹಾಯಿಯ ಕಡೆಗೆ ನೋಡುತ್ತ, ಮನೆಯೊಳಗೆ ಊಟಕ್ಕೆ ಕರೆಯುವಷ್ಟು ಮೆಲ್ಲನೆ, "ಬಾ ಮೋನೆ" ಎಂದರು. ಬ್ಯಾರಿ ಮಾತಿನಲ್ಲಿ ಬಾ ಮಗನೇ ಎಂದು. ಅದು ಕೇಳಿಸಿದ್ದು ನನಗೆ ಮತ್ತು ಅವರ ತಮ್ಮನಿಗೆ.

ಆ ಸಂಜೆ ಮನೆಗೆ ಹೋಗಿ ಮಾವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಒಂದು ಏಟಾದರೂ ಹಾಕುತ್ತಾರೆ ಎಂದು ಆಸೆಪಟ್ಟಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದರು. "ಮದುಮಗಳಿಗೆ ದಾರಿ ಬಿಟ್ಟದ್ದು ಒಳ್ಳೆಯದೇ ಮಾಡಿದೆ. ಮಂಜಿ ಹೋದದ್ದು ಅವರ ಹಣೆಬರಹ" ಎಂದರು. ಅಮ್ಮನೂ ಅದನ್ನೇ ಹೇಳಿದರು. ಹಂಪನಕಟ್ಟೆಯಲ್ಲಿ ಜೊತೆಯ ಡ್ರೈವರುಗಳಿಗೆ ಹೇಳಿದಾಗ, "ನಿನ್ನದೆಂತ ತಪ್ಪು ಮಾರಾಯ" ಎಂದು ಅವರು ನನಗೇ ಬೀಡಿ ಕೊಟ್ಟು ಸಮಾಧಾನ ಹೇಳಿದರು. ಕಟ್ಟುಪಾಡು ಮೀರಿದ್ದರೆ ಹತ್ತು ಜನ ಬೈಯುತ್ತಿದ್ದರು, ನಾನು ಎರಡು ದಿನ ತಲೆ ತಗ್ಗಿಸಿ ಆಮೇಲೆ ಮರೆಯುತ್ತಿದ್ದೆ. ಕಟ್ಟುಪಾಡಿನ ಪ್ರಕಾರ ನಡೆದು ಮಾಡಿದ ತಪ್ಪಿಗೆ ಬೈಯುವವರು ಯಾರೂ ಸಿಗಲಿಲ್ಲ. ಅದು ನನ್ನೊಳಗೇ ಉಳಿಯಿತು.

ಯುದ್ಧ ಮುಗಿದ ಮೇಲೆ ಒಂದು ದಿನ ಮಾರುಕಟ್ಟೆಯಲ್ಲಿ ಆ ತಮ್ಮನನ್ನು ಕಂಡೆ. ಮುಖ ತಪ್ಪಿಸಿಕೊಳ್ಳಲು ತರಕಾರಿಯ ಬುಟ್ಟಿಗಳ ಹಿಂದೆ ಸರಿದೆ. ಅವರೇ ನನ್ನನ್ನು ಕಂಡುಹಿಡಿದು ಹತ್ತಿರ ಬಂದರು. ಗಡ್ಡ ಬೆಳ್ಳಗಾಗಿತ್ತು.

"ಹೇಗಿದ್ದೀರಿ ಡ್ರೈವರೇ?" ಎಂದು ಕೇಳಿದರು. ಆಮೇಲೆ ನಾನು ಕೇಳದಿದ್ದರೂ ಹೇಳಿದರು. "ಹುಡುಗ ಬಂದ, ಈ ವರ್ಷ. ಎಲ್ಲೆಲ್ಲೋ ಇದ್ದನಂತೆ. ಉಮ್ಮ ತೀರಿಹೋದದ್ದೇ ಅವನಿಗೆ ಗೊತ್ತಿರಲಿಲ್ಲ."

"ಅವರು ಆ ದಿನ ಬಂದದ್ದನ್ನು ಅವನಿಗೆ ಹೇಳಿದಿರಾ?" ಎಂದು ಕೇಳಿದೆ.

"ಹೇಳಿದೆ. ಕಾರಿನಲ್ಲಿ ಬಂದಿದ್ದಳು, ಗೇಟಿನಲ್ಲಿ ತಡ ಆಯ್ತು ಅಂತ ಹೇಳಿದೆ. ಸುಮ್ಮನೆ ಕೇಳಿದ. ನಂಬಿದನೋ ಇಲ್ಲವೋ ದೇವರಿಗೇ ಗೊತ್ತು. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳ್ತಾರೆ ಅಂತ ಅವನಿಗೆ ಕಂಡಿರಬಹುದು."

ನಾನು ಬೈಕಂಪಾಡಿಗೆ ಹೋಗಿ ಅವನನ್ನು ಕಂಡು, ನಿನ್ನ ತಾಯಿ ಬಂದದ್ದು ನಿಜ, ತಡಮಾಡಿದವನು ನಾನು, ದಕ್ಕೆಯಲ್ಲಿ ಅವರು ಹೇಳಿದ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಹೇಳಬಹುದಿತ್ತು. ಹೊರಗಿನವನ ಮಾತನ್ನು ಅವನು ನಂಬುತ್ತಿದ್ದನೋ ಏನೋ. ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕೂಳೂರಿನವರೆಗೆ ಒಮ್ಮೆ ಹೋದೆ ಕೂಡ. ಹೊಳೆ ದಾಟಿಸುವ ಜಂಗಲ್ ದೋಣಿಗೆ ಕಾರುಗಳ ಸಾಲು ಕಂಡಿತು, ಇವತ್ತು ಆಗುವುದಿಲ್ಲ ಎಂದು ತಿರುಗಿಸಿಕೊಂಡು ಬಂದೆ. ಸಾಲು ಅಷ್ಟೇನೂ ಉದ್ದವಿರಲಿಲ್ಲ. ಮಂಜಿಗಳ ಕಾಲವೂ ಮುಗಿಯಿತು, ಆ ತಮ್ಮನೂ ಮತ್ತೆ ಕಣ್ಣಿಗೆ ಬೀಳಲಿಲ್ಲ, ನಾನು ಹೇಳದೆ ಉಳಿದೆ.

ಇಷ್ಟೆಲ್ಲ ಬರೆದು ನಡುವೆ ಒಂದನ್ನು ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟೆ, ಬರೆಯಲು ಕೈ ಬರಲಿಲ್ಲ. ಅದು ಆ ದಿನ ದಕ್ಕೆಯಿಂದ ಹಿಂದಿರುಗಿದ ದಾರಿ.

ಮಂಜಿ ಅಳಿವೆ ದಾಟಿ ಮರೆಯಾಗುವವರೆಗೂ ಅವರು ನೀರಿನ ಹತ್ತಿರದಿಂದ ಕದಲಲಿಲ್ಲ. ಆಮೇಲೆ ತಮ್ಮ ಅವರ ಕೈಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿ, ತಾವೂ ಅವರ ಪಕ್ಕದಲ್ಲೇ ಕುಳಿತರು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಹೇಗೆ ಸುರುಮಾಡುವುದೆಂದು ತಿಳಿಯದೆ ಮುಚ್ಚಿದೆ. ಗೇಟಿನ ಹತ್ತಿರ ಬಂದಾಗ ಅದು ಹಾರುಹೊಡೆದು ತೆರೆದಿತ್ತು. ಎಂಜಿನ್ನು ದೂರದಲ್ಲಿ ಎಲ್ಲೋ ಸುಮ್ಮನೆ ನಿಂತಿತ್ತು. ಎದುರಿನಿಂದ ಒಂದು ಗಾಡಿಯೂ ಬರುತ್ತಿರಲಿಲ್ಲ, ನಮ್ಮ ಬದಿಯಲ್ಲಿ ಮೊದಲಿಗೆ ಇದ್ದವನು ನಾನೇ, ಹಿಂದೆ ಹಂಚು ಹೇರಿದ ನಾಲ್ಕಾರು ಎತ್ತಿನ ಗಾಡಿಗಳು ಮಾತ್ರ. ಬೆಳಿಗ್ಗೆ ನಾನು ಬಸ್ಸು ನೂಕಿದ್ದನ್ನು ನೋಡಿದ್ದ ಗೇಟಿನವನು ನಗುತ್ತ ಕೈಬೀಸಿ ಹೋಗಿ ಹೋಗಿ ಎಂದ.

ಆಗ ಆ ತಾಯಿ ಮೊದಲ ಸಲ ನನ್ನೊಡನೆ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

"ನಿಲ್ಲಿಸಿ ಡ್ರೈವರೇ. ಹಿಂದಿನವರೆಲ್ಲ ಮೊದಲು ಹೋಗ್ಲಿ. ಮನೆಯಲ್ಲಿ ಅವನ ಹೆಂಡತಿ ಬಾಗಿಲಿನಲ್ಲೇ ಕೂತಿರ್ತಾಳೆ, ಅವಳಿಗೆ ನಾನು ಹೋಗಿ ಎಂತ ಹೇಳುವುದು?"

ನಾನು ಕಾರನ್ನು ಬದಿಗೆ ತೆಗೆದು ಎಂಜಿನ್ ಬಂದ್ ಮಾಡಿದೆ. ಹಂಚಿನ ಗಾಡಿಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಕೊನೆಯ ಗಾಡಿಯವನು ಹೋಗುತ್ತ ನನ್ನ ಕಡೆ ತಿರುಗಿ, ದೇವರು ಒಳ್ಳೆಯದು ಮಾಡಲಿ ಅಣ್ಣ ಎಂದ.